ಅಜ್ಜಿ-ತಾತಂದಿರ ಓಡಾಟ ಅಳೆಯುವ ಮೀಟರ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಕಣ್ಣುಬಿಟ್ಟಿಲ್ಲ. ಮೂರನೇ ಮಹಡಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮಂಚದ ಅಂಚಿಗೆ ಕೂತು ಬಲಗಾಲು ಚಾಚಿದ್ದಾರೆ. ನೆಲದ ಮೇಲೆ ಕೂತ ಮೀಟರ್ ಅಕ್ಕ ಆ ಕಣಕಾಲಿಗೆ ಪಟ್ಟಿಯೊಂದನ್ನು ಸುತ್ತುತ್ತಿದ್ದಾರೆ. ಪಟ್ಟಿಯೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಡಬ್ಬಿ. ಮನುಷ್ಯ ಎಷ್ಟು ಅಲ್ಲಾಡಿದ, ಎಷ್ಟು ಸುಮ್ಮನಿದ್ದ ಎಂಬುದೆಲ್ಲ ಅದರೊಳಗೆ ದಾಖಲಾಗುತ್ತದೆ.

"ಬಿಗಿ ಆಯ್ತಾ ಅಜ್ಜಿ?"

"ಇರ್ಲಿ ಬಿಡು. ಈ ವಯಸ್ಸಲ್ಲಿ ಕಾಲ್ಗೆಜ್ಜೆ ಬೇರೆ ಕೇಡು ನಂಗೆ!"

ಬಾಗಿಲಿಗೆ ಒರಗಿ ನಿಂತ ಸೊಸೆಗೆ ನಗು ಬರುತ್ತದೆ, ಆದರೆ ಪಟ್ಟು ಮಾತ್ರ ಸಡಿಲವಾಗುವುದಿಲ್ಲ. "ಈ ವಾರಾನೂ ಮೀಟರ್ ಮಲಗಿದ್ರೆ ಮಾತು ಮುಗೀತು ಅತ್ತೆ. ಮೆಷಿನ್ನು ಮನೆಯಿಂದಾಚೆ."

ಮೆಷಿನ್ನು ಅಂದರೆ ಕಿಟಕಿ ಪಕ್ಕದ ಹೊಲಿಗೆ ಯಂತ್ರ, ಕಾಲಲ್ಲಿ ತುಳಿಯುವಂಥದ್ದು. ಅಜ್ಜಿ ಹರೆಯದಿಂದಲೂ ಅದರ ಮುಂದೆಯೇ ಬದುಕಿದವರು. ಹೀಗೆ ಕೂತಲ್ಲೇ ಕೂತರೆ ಕೈಕಾಲು ಹಿಡಿದುಕೊಳ್ಳುತ್ತವೆ ಎಂಬುದು ಸೊಸೆಯ ಹೆದರಿಕೆ. ಮೆಷಿನ್ನು ಹೋದರೆ ಅತ್ತೆ ಎದ್ದು ನಾಲ್ಕು ಹೆಜ್ಜೆ ನಡೆದಾರು ಎಂಬುದು ಅವಳ ಆಸೆ. ಅಜ್ಜಿಗೋ ಮೊಣಕಾಲು ನೋವು. ನಡೆ ಎಂದರೆ ಮುಖ ಹಿಂಡುತ್ತಾರೆ, ತುಳಿ ಎಂದರೆ ಮುಖ ಅರಳುತ್ತದೆ.

ಮೀಟರ್ ಅಕ್ಕನಿಗೆ ಆ ಹೆಸರು ಬಂದದ್ದು ಹಳೇ ಕೆಲಸದಿಂದ. ಮೊದಲು ಮನೆಮನೆಯ ಕರೆಂಟ್ ಮೀಟರ್ ಓದುತ್ತಿದ್ದರು. ಮೀಟರುಗಳು ತಾವೇ ಲೆಕ್ಕ ಕಳಿಸುವುದನ್ನು ಕಲಿತ ಮೇಲೆ ಅಕ್ಕನಿಗೆ ಕೆಲಸ ಉಳಿಯಲಿಲ್ಲ. ವಯಸ್ಸಾದವರ ಓಡಾಟದ ಬಗ್ಗೆ ಅಧ್ಯಯನ ಮಾಡುವ ಆಸ್ಪತ್ರೆಯೊಂದು, ಮೆಟ್ಟಿಲು ಹತ್ತಿ ಬಾಗಿಲು ಬಡಿಯಲು ನಾಚದವರು ಬೇಕೆಂದಾಗ ಇವರು ಹೋಗಿ ನಿಂತರು. "ಆಗ ಗೋಡೆ ಮೇಲಿನ ಮೀಟರು ಮಾತಾಡ್ತಿರ್ಲಿಲ್ಲ. ಈಗಿನ ಮೀಟರುಗಳು ಟೀ ಕೊಡ್ತಾವೆ, ಬೈತಾವೆ, ಸೊಸೆ ಮೇಲೆ ಚಾಡೀನೂ ಹೇಳ್ತಾವೆ" ಎಂದು ನಗುತ್ತಾರೆ.

ಬೆಳಗಾಗುವುದರೊಳಗೆ ಐದಾರು ಮನೆ. ಹಾಸಿಗೆಯಿಂದ ಏಳುವ ಮೊದಲೇ ಕಟ್ಟಬೇಕು, ವಾರ ಕಳೆದು ಬಿಚ್ಚಬೇಕು. ಲಿಫ್ಟು ಕೆಟ್ಟಿರುತ್ತದೆ, ನಾಯಿ ಬಿಟ್ಟಿರುತ್ತಾರೆ. ಡಬ್ಬಿ ನಮ್ಮ ಮಾತು ಕದ್ದು ಕೇಳುತ್ತದಾ ಎಂದು ಅನುಮಾನಿಸುವವರಿಗೆ ಸಮಾಧಾನ ಹೇಳಬೇಕು. ಒಬ್ಬ ನಿವೃತ್ತ ಬಸ್ ಚಾಲಕರು ಸ್ನಾನಕ್ಕೆ ಹೋಗುವಾಗ ಪಟ್ಟಿಯನ್ನು ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟು ಮರೆತಿದ್ದರು. "ತಾತ, ಮಧ್ಯಾಹ್ನ ಪೂರ್ತಿ ಓಡಿದೀರಲ್ಲ, ಯಾರು ಅಟ್ಟಿಸ್ಕೊಂಡು ಬಂದ್ರು?" ಎಂದು ಕೇಳಿದ್ದಕ್ಕೆ ತಾತ ಇವತ್ತಿಗೂ ಮುಖ ಮುಚ್ಚಿಕೊಂಡು ನಗುತ್ತಾರಂತೆ.

ಅಜ್ಜಿಯ ಮನೆಯಲ್ಲಿ ಆದದ್ದು ಇದರ ಉಲ್ಟಾ. ಹೋದ ವಾರ ಎಲ್ಲರಿಗೂ ಕಟ್ಟುವಂತೆ ಅವರಿಗೂ ಸೊಂಟಕ್ಕೆ ಕಟ್ಟಿದ್ದರು. ಬಿಚ್ಚಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಓಡಾಟದ ಗೆರೆ ಚಾಪೆ ಹಾಸಿದಂತೆ ಮಲಗಿತ್ತು. "ನೋಡಿ, ನಾನು ಹೇಳಿದ್ದೇ ಆಯ್ತು" ಎಂದಳು ಸೊಸೆ. ಅಜ್ಜಿ ಹೋಗಿ ಮೆಷಿನ್ನಿನ ಮುಂದೆ ಕೂತು ತುಳಿಯತೊಡಗಿದರು. ಟೀ ಆರುವವರೆಗೆ ಅಕ್ಕ ಅವರನ್ನೇ ನೋಡುತ್ತಿದ್ದರು. ಆಮೇಲೆ ಅಧ್ಯಯನದ ಡಾಕ್ಟರಿಗೆ ಫೋನು ಮಾಡಿದರು. "ಸಾರ್, ಸೊಂಟ ಕಲ್ಲಾಗಿ ಕೂತಿದೆ, ಕಾಲು ಮಾತ್ರ ನಿಲ್ತಾನೇ ಇಲ್ಲ."

ಡಾಕ್ಟರು ಜೋರಾಗಿ ನಕ್ಕರಂತೆ. "ಸೊಂಟದ ಮೀಟರಿಗೆ ತುಳಿಯೋದು ಕಾಣೋದೇ ಇಲ್ಲಮ್ಮ. ಏನು ಕೆಲಸ ಮಾಡ್ತಾರೆ ಅಂತ ನಾವು ಮೊದಲೇ ಕೇಳ್ಬೇಕಿತ್ತು. ಕಾಲಿಗೆ ಕಟ್ಟೋ ಪಟ್ಟಿ ಕಳಿಸ್ತೀನಿ."

ಕಾಲಿಗೆ ಪಟ್ಟಿ ಕಟ್ಟಿ ವಾರ ಕಳೆದಿದೆ. ಅಡುಗೆಮನೆಯ ಮೇಜಿನ ಮೇಲೆ ಅಕ್ಕ ಲ್ಯಾಪ್‌ಟಾಪ್ ತೆರೆಯುತ್ತಾರೆ. ಅಜ್ಜಿ ಕನ್ನಡಕ ಹುಡುಕುವ ನೆಪದಲ್ಲಿ ದೂರವೇ ಉಳಿದಿದ್ದಾರೆ. ಪರದೆಯ ಮೇಲೆ ಗೆರೆ ಏಳುತ್ತದೆ, ಬೆಳಗ್ಗೆಯೂ ಏಳುತ್ತದೆ, ಸಂಜೆಯೂ ಏಳುತ್ತದೆ. ಸೊಸೆ ಬಗ್ಗಿ ನೋಡುತ್ತಾಳೆ.

"ಇಷ್ಟೂ ಅತ್ತೇದೇನಾ?"

"ಮತ್ತೆ ನಿಂದಾ?" ದೂರದಿಂದಲೇ ಬರುತ್ತದೆ ಉತ್ತರ.

ಗಂಟೆಗೊಮ್ಮೆ ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಬೇಕು, ಅದೊಂದು ಬಿಟ್ಟರೆ ಧಾರಾಳವಾಗಿ ತುಳಿಯಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಸೊಸೆ ಒಳಗೆ ಹೋಗುತ್ತಾಳೆ. ಬರುವಾಗ ಕೈತುಂಬ ಹರಿದ ದಿಂಬಿನ ಚೀಲಗಳು. "ಹಾಗಾದ್ರೆ ಇವನ್ನೂ ತುಳಿದುಬಿಡಿ ಅತ್ತೆ." ಅಜ್ಜಿ ಸೂಜಿಗೆ ದಾರ ಪೋಣಿಸಲು ಕೂತೇಬಿಡುತ್ತಾರೆ.

ಮೆಟ್ಟಿಲು ಇಳಿಯುವಾಗ ಮೀಟರ್ ಅಕ್ಕನ ಮುಖದಲ್ಲಿ ಗೆದ್ದ ಕಳೆ. ನಿಮಗೇನು ಆಸೆ ಎಂದು ಕೇಳಿದರೆ ಲ್ಯಾಪ್‌ಟಾಪನ್ನು ಕಂಕುಳಿಗೇರಿಸುತ್ತಾ ಹೇಳುತ್ತಾರೆ. "ನಂಗೂ ವಯಸ್ಸಾಗುತ್ತಲ್ಲ, ಆಗ ಕಟ್ಟೋಕೆ ಬರೋರು ಮೊದಲು ಐದು ನಿಮಿಷ ಕೂತು ನನ್ನ ನೋಡ್ಲಿ. ಆಮೇಲೆ ಎಲ್ಲಿ ಬೇಕಾದ್ರೂ ಕಟ್ಲಿ." ಎರಡು ಮೆಟ್ಟಿಲು ಇಳಿದವರು ತಿರುಗಿ ನಿಲ್ಲುತ್ತಾರೆ. "ಬಾಯಿಗೆ ಮಾತ್ರ ಬೇಡಪ್ಪ, ಮೀಟರೇ ಸುಟ್ಟುಹೋಗುತ್ತೆ!"