ಮಾಸ್ತರನ ಪಾರ್ಟು ಯಾರಿಗೆ?

ಕಳೆದ ಭಾನುವಾರ ಬೀದರದಲ್ಲಿ ನನಗೊಂದು ಬಡ್ತಿ ಸಿಕ್ಕಿತು. ನೌಕರಿಯಲ್ಲಲ್ಲ, ನಾಟಕದಲ್ಲಿ.

ಕಥೆ ನಿಮಗೆ ಗೊತ್ತಿರಬಹುದು. ಹೂ ಮಾರುವ ಹುಡುಗಿಗೆ ಒಬ್ಬ ಮಾಸ್ತರ ದೊಡ್ಡವರ ಹಾಗೆ ಮಾತಾಡಲು ಕಲಿಸುತ್ತಾನೆ. ಮಾತು ಬದಲಾದದ್ದೇ ತಡ, ಊರೆಲ್ಲ ಅವಳನ್ನು ದೊಡ್ಡ ಮನೆತನದವಳೆಂದು ನಂಬುತ್ತದೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್‌ಗೆ ಮುಂಚೆ ಇದನ್ನು ಉರ್ದುವಿನಲ್ಲಿ ಆಡಿದ್ದೆವು. ಆಗ ದೊಡ್ಡವರ ಮಾತೆಂದರೆ ಉರ್ದು. ಮಾಸ್ತರನಾದವನು ನನ್ನ ಕಾಲೇಜು ಗೆಳೆಯ ರಹೀಮ. ನನ್ನ ಉರ್ದುವಿಗೆ ಭಾಲ್ಕಿಯ ಹೊಲದ ವಾಸನೆ ಇದೆಯೆಂದು ನನಗೆ ಸಿಕ್ಕಿದ್ದು ಹುಡುಗಿಯ ಕುಡುಕ ಅಪ್ಪನ ಪಾರ್ಟು.

ಈಗ ಅದೇ ನಾಟಕ, ಕನ್ನಡದಲ್ಲಿ. ಮಾಸ್ತರನ ಮಾತನ್ನೆಲ್ಲ ರಹೀಮ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆಕ್ಷನ್ ಹೊತ್ತಿನ ಗಲಭೆಯಲ್ಲಿ ಮುಸಲ್ಮಾನರು ಪೆಟ್ಟು ತಿಂದ ಮೇಲೆ ಅವನು ಊರ ಜನರೆದುರು ನಿಲ್ಲಲು ಮನಸ್ಸು ಮಾಡಿದ್ದು ಇದೇ ಮೊದಲು.

ತಾಲೀಮಿನ ನಡುವೆ ಡೈರೆಕ್ಟರ್ ಶಂಕರರಾವ್ ಕೈ ಎತ್ತಿದರು.

"ರಹೀಮ ಸಾಬ್, ನಿಮ್ಮ ಕನ್ನಡದಾಗ ಉರ್ದು ವಾಸನಿ ಭಾಳ ಬರ್ತದರಿ. ನೀವು ಅಪ್ಪನ ಪಾರ್ಟು ಮಾಡ್ರಿ. ಕುಡುಕಗ ಹ್ಯಾಂಗಿದ್ರೂ ನಡೀತದ." ನನ್ನತ್ತ ತಿರುಗಿ, "ಮಾಸ್ತರ ನೀವಾಗ್ರಿ" ಎಂದರು.

(ತಾಲೀಮು ಅನ್ನುವುದು ಯಾವ ಭಾಷೆಯ ಮಾತು ಸ್ವಾಮಿ?)

ಒಪ್ಪಿಕೊಳ್ಳಲು ನನಗೊಂದು ಕಾರಣವೂ ಹೊಳೆಯಿತು. ಅಂದು ನನ್ನ ಉರ್ದು ಕೇಳಿ ಎಲ್ಲರೂ ನಕ್ಕಾಗ ರಹೀಮನೂ ನಕ್ಕಿದ್ದನಲ್ಲವೆ? ಆ ನಗು ಕಿವಿಯಲ್ಲೇ ಇದೆ. ಆದರೆ ಇಷ್ಟು ವರ್ಷ ಅದು ಎಲ್ಲಿತ್ತು? ಅವನು ಕೆಳಗಿಳಿದ ದಿನವೇ ಏಕೆ ನೆನಪಾಯಿತು? ಯೂನಿವರ್ಸಿಟಿಯಲ್ಲಿ ತರ್ಕ ಓದಿದವನು ನಾನು. ಇಷ್ಟು ಅನುಕೂಲದ ಸಾಕ್ಷಿಯನ್ನು ಹೇಗೆ ನಂಬಲಿ?

ಹೊರಗೆ ಚಹಾ ಕುಡಿಯುವಾಗ ಕೇಳಿಯೇಬಿಟ್ಟೆ. "ಆವತ್ತು ನೀನೂ ನಕ್ಕಿದ್ದಿಯೇನೋ?"

"ಯಾದ್ ಇಲ್ಲೋ ಭಾಯಿ" ಎಂದ ರಹೀಮ. "ನಕ್ಕಿದ್ರ ಇವತ್ತು ಲೆಕ್ಕ ಬರೋಬ್ಬರಿ ಆತು ತಗೊ. ಮಾಸ್ತರ ಆಗು. ಚಲೋ ಮಾಡ್ತಿ."

ಅವನು ಸಿಟ್ಟಾಗಿದ್ದರೆ ಸುಲಭವಾಗುತ್ತಿತ್ತು.

ಒಳಗೆ ಹೋಗಿ ಶಂಕರರಾಯರಿಗೆ ಹೇಳಿದೆ: "ನನಗ ಅಪ್ಪನ ಪಾರ್ಟೇ ಇರ್ಲಿರಿ. ಮಾಸ್ತರ ರಹೀಮನೇ." ಇದು ಉದಾರತೆ ಅಲ್ಲ. ನನಗೇ ಸಂಶಯವಿರುವ ನೆನಪಿನ ಮೇಲೆ ಒಬ್ಬನ ಜಾಗ ಕಸಿಯಲಾರೆ, ಅಷ್ಟೆ.

"ಹಟ ಯಾಕ್ರಿ? ಅವ್ರು ಬಾಯಿ ತೆರದ್ರ ಜನ ನಗ್ತಾರ್ರಿ!"

"ನಗ್ತಾರೋ ಇಲ್ಲೋ ನೋಡೂಣ್ರಿ."

ಗೊಣಗುತ್ತಲೇ ಒಪ್ಪಿದರು. ನಾಟಕ ಬರುವ ಶನಿವಾರ. ಔರಾದ, ಭಾಲ್ಕಿ ಕಡೆಯಿಂದಲೂ ಜನ ಬರುತ್ತಾರೆ. ನೀವೂ ಬರುತ್ತೀರಿ.

ನಗುತ್ತೀರಾ?