ಓನರ್ ಬೆನ್ ಮತ್ತು ವಾದಿರಾಜರು
"ಇನ್ನು ಒಂದು ಹನಿಯೂ ಸೋರುವುದಿಲ್ಲ, ಅಕ್ಕ" ಎಂದು ತಿರುಗಿಸಿದ ನಲ್ಲಿ ಕೈಗೇ ಬಂದು, ಉಡುಪಿ ಕಡೆಯ ಅಪಾರ್ಟ್‌ಮೆಂಟ್ ಮ್ಯಾನೇಜರ್ ವಾದಿರಾಜರಿಗೆ ಜಯಂತಿಯ ಎದುರೇ ಅಭ್ಯಂಜನವಾಯಿತು. ಆದರೂ ಸೂರತ್‌ಗೆ ವರ್ಗವಾದಾಗ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ತನ್ನ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳಲು ಆಕೆ ಅವರಿಗೇ ಒಪ್ಪಿಸಿದಳು. ಹೆಸರಿನಲ್ಲಷ್ಟೇ ವಾದವಿದ್ದ ಅವರು ತಿಂಗಳಿಗೊಮ್ಮೆ "ಕೆಮ್ ಛೋ" ಎಂದು ಗುಜರಾತಿಯಲ್ಲಿ ಕುಶಲ ಕೇಳುತ್ತ ಒಳಹೊಕ್ಕು, ಬಾಡಿಗೆದಾರರ ಚಹಾ ಕುಡಿಯುತ್ತಲೇ ಗೋಡೆಯ ಹೊಸ ಮೊಳೆಗಳನ್ನು ಎಣಿಸುತ್ತಿದ್ದರು. ಗುಜರಾತಿಯ ಅಕ್ಕ ಎಂಬರ್ಥದ 'ಬೆನ್' ಸೇರಿಸಿ ಬಾಡಿಗೆದಾರರು 'ಓನರ್ ಬೆನ್' ಎನ್ನುತ್ತಿದ್ದ, ಯಾರ ಕಷ್ಟ ಕೇಳಿದರೂ ಕರಗುವ ಜಯಂತಿಗೆ, ಅಹಮದಾಬಾದಿಗೆ ಮರಳುವಾಗ ಅವರು ಮನೆ ಬಿಟ್ಟುಕೊಡುತ್ತಾರೋ ಇಲ್ಲವೋ ಎಂಬ ಭಯವಿತ್ತು. ಹೇಳಿದ ದಿನಕ್ಕೇ ಮನೆ ಖಾಲಿಯಾಗಿತ್ತು. "ಜಗಳವಿಲ್ಲದೆ ಹೇಗೆ ಬಿಡಿಸಿದ್ರಿ?" ಎಂದಳು. "ನಾನು ಪಾಪದವ, ಓನರ್ ಬೆನ್ ಭಾರೀ ಜೋರು ಅಂತ ಮೊದಲೇ ಹೇಳಿಟ್ಟಿದ್ದೆ, ಅಕ್ಕ. ಅವರ ಮಗು ನಿಮ್ಮ ಹೆಸರು ಹೇಳಿ ಹೆದರಿಸಿದ್ರೆ ಮಾತ್ರ ಉಣ್ತಿತ್ತು."