ಹಗೇವಿಗೆ ನೀರು ಬಂದ ವರ್ಷ

ಪಾರ್ವತಿಬಾಯಿ ರಾಮಸಮುದ್ರದಿಂದ ದೋರನಹಳ್ಳಿಗೆ ಸೊಸೆಯಾಗಿ ಬಂದಾಗ ಆ ಕಡೆ ಕೆನಾಲು ಇನ್ನೂ ಬರುವುದಿತ್ತು. ಮಾವ ಕಟ್ಟಿಸಿದ ಮನೆ ಕಲ್ಲು ಮಣ್ಣಿನದು. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹೊರಗೆ ಕೆಂಡ ಸುರಿದಂತೆ ಬಿಸಿಲಿದ್ದರೂ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತರೆ ತಂಪು. ಆ ತಂಪಿನಲ್ಲಿ ಹಸಿ ಇರುತ್ತಿರಲಿಲ್ಲ.

ಆ ಮನೆಯಲ್ಲಿ ಅವಳ ಮನಸ್ಸಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅಂಗಳದ ಹಗೇವು. ಜೋಳ ಕೂಡಿಡಲು ನೆಲದೊಳಗೆ ತೋಡಿದ ಆ ಗುಂಡಿಯಲ್ಲಿ ಆಳು ಇಳಿದು ನಿಂತರೆ ತಲೆ ಕಾಣುತ್ತಿರಲಿಲ್ಲ. ಅದನ್ನು ತೆರೆಯುವ ದಿನ ಮನೆಯ ಆಳು ತಾಯಪ್ಪ ಕಂದೀಲು ಇಳಿಬಿಟ್ಟು ನೋಡುತ್ತಿದ್ದ. ದೀಪ ಆರದಿದ್ದರೆ ಒಳಗಿನ ಗಾಳಿ ಒಳ್ಳೆಯದೆಂದು ತಾನೂ ಇಳಿಯುತ್ತಿದ್ದ. ಮೊದಲ ಬುಟ್ಟಿ ಮೇಲೆ ಬಂದೊಡನೆ ಪಾರ್ವತಿಬಾಯಿ ಬೊಗಸೆ ತುಂಬ ಜೋಳ ಎತ್ತಿ ಮೂಗಿಗೆ ಹಿಡಿಯುತ್ತಿದ್ದಳು. ಒಣಗಿದ ಸೊಪ್ಪೆದಂಟಿನ, ಬೆಚ್ಚನೆ ಮಣ್ಣಿನ ವಾಸನೆ. ಈ ಹುಡುಗಿಗೆ ಅತ್ತರು ಬೇಡ, ಜೋಳ ಸಾಕು ಎಂದು ಅತ್ತೆ ನಗುತ್ತಿದ್ದಳು.

ಕೆನಾಲಿಗೆ ನೀರು ಬಿಟ್ಟ ದಿನ ಊರಿಗೆ ಊರೇ ದಂಡೆಗೆ ಹೋಗಿ ಕಾಯಿ ಒಡೆಯಿತು. ಅವಳೂ ನೀರಿಗೆ ಕುಂಕುಮ ಬಿಟ್ಟು ಕೈಮುಗಿದಳು. ಗಂಡ ಹಂಪಣ್ಣ ಮನೆ ಹಿಂದಿನ ಹೊಲದಲ್ಲಿ ಭತ್ತ ಹಚ್ಚಿದ. ಹಬ್ಬಕ್ಕೊಮ್ಮೆ ಅನ್ನ ಉಣ್ಣುತ್ತಿದ್ದ ಮನೆಯಲ್ಲಿ ದಿನಾ ಅನ್ನವಾಯಿತು.

ಗದ್ದೆಯಲ್ಲಿ ವರ್ಷವಿಡೀ ನಿಂತ ನೀರು ನೆಲದೊಳಗೇ ಹರಿದು ಮನೆಯ ಬುಡಕ್ಕೆ ಬಂತು. ಗೋಡೆಯ ಸುಣ್ಣ ಉಬ್ಬಿ ಉದುರಿತು. ಬಾಗಿಲ ಹಿಂದೆ, ಹಾಸಿಗೆಯ ಗಂಟಿನ ಕೆಳಗೆ ಕರಿ ಚುಕ್ಕೆಗಳು ಮೂಡಿದವು. ಅವಳು ತಿಕ್ಕಿ ಒರೆಸಿ ಸುಣ್ಣ ಬಳಿದರೆ ಮತ್ತೆ ಮೂಡುತ್ತಿದ್ದವು.

ಆ ವರ್ಷ ಹಗೇವು ತೆರೆದಾಗ ಕಂದೀಲು ಪಕ್ಕನೆ ಆರಿತು. ಒಂದಿಡೀ ದಿನ ಬಾಯಿ ತೆರೆದಿಟ್ಟು, ಮರುದಿನ ಕಂದೀಲು ಆರದೆ ನಿಂತ ಮೇಲೆ ತಾಯಪ್ಪ ಮುಖಕ್ಕೆ ಟವೆಲು ಸುತ್ತಿಕೊಂಡು ಇಳಿದ. ಮೇಲೆ ಬಂದದ್ದು ನೀರು ಕುಡಿದು ಕೊಳೆತ ಜೋಳದ ಕರಿ ಗಡ್ಡೆಗಳು. ಮೈತುಂಬ ಹಸಿರು ಬೂಷ್ಟು. ರೂಢಿಯಂತೆ ಬುಟ್ಟಿಗೆ ಬಗ್ಗಿದ ಪಾರ್ವತಿಬಾಯಿಯ ಮುಖಕ್ಕೆ ಅದರ ದೂಳು ಹೊಗೆಯಂತೆ ಎದ್ದು ಬಡಿಯಿತು.

ತಾಯಪ್ಪ ಜ್ವರದಲ್ಲಿ ಮಲಗಿ ಎದ್ದ. ಅವಳ ಕೆಮ್ಮು ಹೋಗಲಿಲ್ಲ. ಉಸಿರಾಡಿದರೆ ಎದೆಯಲ್ಲಿ ಪೀಪಿ ಊದಿದಂತಾಗುತ್ತಿತ್ತು. ಕ್ಷಯವೆಂದು ನೆರೆಯವರು ಲೋಟ ಬೇರೆ ಇಟ್ಟರು. ಶಹಾಪುರದ ಡಾಕ್ಟರು ಕಫ ನೋಡಿ, ಎಕ್ಸರೇ ತೆಗೆಸಿ, ಕ್ಷಯವಲ್ಲವೆಂದರು. ತವರಿಗೆ ಹೋದಾಗ ಹೇಗಿರುತ್ತದೆಂದು ಅವರು ಕೇಳಿದಾಗ ಪಾರ್ವತಿಬಾಯಿಗೇ ಹೊಳೆಯಿತು: ರಾಮಸಮುದ್ರದಲ್ಲಿ ತಾನು ತಾಯಿಯ ಜೊತೆ ರೊಟ್ಟಿ ಬಡಿಯುತ್ತ ಕೂತಾಗ ಒಮ್ಮೆಯೂ ಕೆಮ್ಮಿರಲಿಲ್ಲ.

"ಹಸಿ ಗೋಡಿ ಒಳಗ ಬೂಸರು ಬೆಳೀತದವ್ವ, ಕಣ್ಣಿಗಿ ಕಾಣದ ಕ್ರಿಮಿನೂ ಇರ್ತಾವ" ಎಂದರು ಡಾಕ್ಟರು. "ಅದು ಉಸಿರಿನಾಗ ಹೋಗಾಕತ್ತದ. ಗುಳಿಗಿ ನಾ ಕೊಡ್ತೀನಿ. ಆ ಮನಿಯಾಗ ಇದ್ರ ಮಾತ್ರ ಜಡ್ಡು ಪೂರಾ ಹೋಗಂಗಿಲ್ಲ."

ಜೊತೆಗೆ ಬಂದಿದ್ದ ಹಂಪಣ್ಣ ನಂಬಲಿಲ್ಲ. ಅಪ್ಪ ತಲೆಯ ಮೇಲೆ ಕಲ್ಲು ಹೊತ್ತು ಕಟ್ಟಿದ ಮನೆ ಜಡ್ಡು ಹೇಗೆ ತಂದೀತು ಎಂದು ದಾರಿಯುದ್ದಕ್ಕೂ ವಾದಿಸಿದ. ಆ ಮನೆಯನ್ನು ಅವನಷ್ಟೇ ಅವಳೂ ಹಚ್ಚಿಕೊಂಡಿದ್ದಳು.

ದೀಪಾವಳಿಗೆ ಸುಣ್ಣ ಬಳಿಯಲು ಹಂಪಣ್ಣ ಪಡಸಾಲೆಯಲ್ಲಿದ್ದ ಅಪ್ಪನ ಫೋಟೊ ಇಳಿಸಿದ. ಅದರ ಬೆನ್ನು ಗೋಡೆಗೆ ಅಂಟಿತ್ತು. ಕಿತ್ತಾಗ ಹಿಂದೆಲ್ಲ ಕರಿ ಬೂಷ್ಟು. ಗಾಜಿನೊಳಗೆ ಅಪ್ಪನ ತಲೆಯ ರುಮಾಲು ಉಳಿದಿತ್ತು, ಮುಖ ಇರಲಿಲ್ಲ. ಅವನು ಫೋಟೊ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟ. ಒಳಗೆ ಅವಳು ಕೆಮ್ಮುತ್ತಿದ್ದಳು.

"ಬಿಡೂನು ಪಾರ್ವತಿ, ಈ ಮನಿ" ಎಂದ ಕೊನೆಗೆ. "ಅಪ್ಪ ಇದ್ದಿದ್ರ ಅವನೂ ಇದನ್ನೇ ಅಂತಿದ್ದ."

"ಹಗೇವು ಮೊದಲು ಮುಚ್ರಿ" ಎಂದಳು ಅವಳು. "ಅದನ್ನ ನೋಡಿಕೋತ ಹೋಗಾಕ ನನ್ನ ಕೈಲಿ ಆಗಂಗಿಲ್ಲ."

ಊರ ಹೊರಗಿನ ಗರಸು ದಿಣ್ಣೆಯ ಮೇಲೆ, ನೀರು ನಿಲ್ಲದ ಜಾಗದಲ್ಲಿ, ಎತ್ತರದ ಕಟ್ಟೆ ಹಾಕಿ ಹೊಸ ಮನೆ ಎದ್ದಿತು. ಎದುರುಬದುರು ಕಿಟಕಿ ಇಡಿಸಿದವಳು ಅವಳೇ. ಹಾಸಿಗೆ, ಕೌದಿ ಹಳೆಯವು ಯಾವುದನ್ನೂ ತರಲಿಲ್ಲ. ಜೋಳ ಈಗ ಚೀಲದಲ್ಲಿರುತ್ತದೆ, ಅದಕ್ಕೆ ಗೋಣಿಯದೇ ವಾಸನೆ ಎಂದು ಆಕೆ ಆಗಾಗ ಗೊಣಗುತ್ತಿದ್ದಳು. ಮಳೆಗಾಲಕ್ಕೆ ಸ್ವಲ್ಪ ಕೆಮ್ಮು ಉಳಿಯಿತು, ಅಷ್ಟೇ.

ಅಲ್ಲಿಗೆ ಹೋದ ಮೊದಲ ಬೇಸಿಗೆಯಲ್ಲಿ ಒಂದು ಮುಂಜಾನೆ ಪಾರ್ವತಿಬಾಯಿ ಕಣ್ಣು ಬಿಟ್ಟಾಗ ಬಿಸಿಲು ಕಟ್ಟೆಯ ಮೇಲೆ ಬಂದಿತ್ತು. ಹಂಪಣ್ಣ ಎಮ್ಮೆ ಹಿಂಡಿ, ಹಾಲು ಕಾಸಿ, ಚಹಾ ಸೋಸುತ್ತಿದ್ದ. ಯಾಕೆ ಎಬ್ಬಿಸಲಿಲ್ಲವೆಂದು ಅವಳು ಗಾಬರಿಯಿಂದ ಕೇಳಿದಳು.

"ಸುಮ್ನ ಮಲಗಿದ್ದಿ" ಎಂದ ಅವನು. "ನಿನ್ನ ಉಸಿರು ಕೇಳ್ಕೋತ ಕುಂತಿದ್ದೆ."